ಹಸಿರು ವೃತ್ತದೊಳಗಿನ ನೆಲ

ಬಂಗಾರಪೇಟೆ ಪಕ್ಕದ ಹಳ್ಳಿಯ ಲಿಖಿತಳಿಗೆ ನಕ್ಷೆಯ ಹುಚ್ಚು ಹಿಡಿದದ್ದು ರಾಬರ್ಟ್‌ಸನ್‌ಪೇಟೆಯ ಅಗ್ನಿಸುರಕ್ಷತೆ ತರಗತಿಗೆ ಸೇರಿದ ಮೇಲೆ. ಕಾರ್ಖಾನೆಗೆ ಬೆಂಕಿ ಬಿದ್ದರೆ ನೀರಿನ ಪೈಪು ಎಲ್ಲಿರಬೇಕು, ಜನ ಯಾವ ಬಾಗಿಲಿಂದ ಓಡಬೇಕು, ಹೊರಬಂದು ಎಲ್ಲಿ ಸೇರಬೇಕು, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುವ ವಿದ್ಯೆ ಅದು. ಹಾಲು ಕರೆದು ಡೇರಿಗೆ ಹಾಕಿ ಬಂದು ಕೂತರೆ ಹುಡುಗಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಎಳೆದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗದು.

ಕಲಿಸುವ ಕೋದಂಡಪ್ಪ ಮೇಷ್ಟ್ರು ಮೊದಲ ನಿಜವಾದ ಕೆಲಸ ಕೊಟ್ಟರು. ಚಾಂಪಿಯನ್ ರೀಫ್ಸ್ ಕಡೆಯ ಬಟ್ಟೆ ಹೊಲಿಯುವ ಕಾರ್ಖಾನೆ. ಅವಳ ತಾಯಿ ವೆಂಕಟರತ್ನಮ್ಮ ದಿನಾ ಮಾರಿಕುಪ್ಪಂ ರೈಲು ಹಿಡಿದು ಹೋಗುತ್ತಿದ್ದದ್ದೂ ಅಲ್ಲಿಗೇ. ಆದರೂ ಮಗಳು ಅತ್ತ ಕಾಲಿಡಲಿಲ್ಲ. ಉಪಗ್ರಹದ ಚಿತ್ರದಲ್ಲಿ ಕಾರ್ಖಾನೆಯ ಹಿಂದೆ ಅಗಲವಾದ ಬಯಲು ಕಾಣುತ್ತಿತ್ತಲ್ಲ, ಇನ್ನೇನು ಬೇಕು! ಅದರ ಮೇಲೆ ಹಸಿರು ವೃತ್ತ ಎಳೆದು ‘ಎಲ್ಲರೂ ಸೇರುವ ಸ್ಥಳ’ ಎಂದು ಬರೆದಳು. ಸುತ್ತಲೂ ಶೆಡ್ಡುಗಳು ಎದ್ದಿರುವಾಗ ಅದೊಂದು ಜಾಗ ಯಾಕೆ ಖಾಲಿ ಉಳಿದಿದೆ ಎಂದು ಆ ಜಾಣೆಗೆ ಹೊಳೆಯಲೇ ಇಲ್ಲ. ಮೇಷ್ಟ್ರೂ ನಂಬಿ ಒಪ್ಪಿದರು.

ಅಣಕು ಕಾರ್ಯಾಚರಣೆಯ ದಿನ ಸೈರನ್ ಕೂಗಿತು. ಲಿಖಿತ ಹಿಂದಿನ ಗೇಟಿನ ಸಿಮೆಂಟು ಕಟ್ಟೆಯ ಮೇಲೆ ನಿಂತು ಗಡಿಯಾರ ನೋಡುತ್ತಿದ್ದಳು. ಹೆಂಗಸರು ನಗುತ್ತ ಬಯಲಿಗೆ ಓಡಿದರು.

“ನನ್ ಮಗಳು ಬರ್ದಿರೋ ಜಾಗ ಕಣ್ರೇ, ನೆಟ್ಟಗೆ ನಿಂತ್ಕಳ್ರೇ,” ಎನ್ನುತ್ತ ವೆಂಕಟರತ್ನಮ್ಮ ನಟ್ಟನಡುವೆ ಹೋಗಿ ನಿಂತಳು.

ತಲೆ ಎಣಿಸಿದ್ದಾಯಿತು, ಜನ ಹಿಂತಿರುಗಿದರು. ಕೊನೆಯಲ್ಲಿ ಉಳಿದ ವೆಂಕಟರತ್ನಮ್ಮನ ಕಾಲಡಿಯ ಮಣ್ಣು ದಬ್ಬನೆ ಕುಸಿಯಿತು. ಸೊಂಟದವರೆಗೆ ಇಳಿದುಹೋದವಳನ್ನು ಜೊತೆಗಾತಿ ಸುಮಲತ ರಟ್ಟೆ ಹಿಡಿದು ಎಳೆದುಹಾಕಿದಳು. ಇಬ್ಬರೂ ತೆವಳಿ ಈಚೆ ಬರುವಷ್ಟರಲ್ಲಿ ಅಲ್ಲಿ ಬಾವಿಯಷ್ಟಗಲ ನೆಲವೇ ಇರಲಿಲ್ಲ. ಯಾವ ಕಾಲದಲ್ಲೋ ಮಣ್ಣು ಮುಚ್ಚಿದ್ದ ಹಳೆಯ ಚಿನ್ನದ ಗಣಿಯ ಬಾಯಿ ಅದು. ಒಳಗೆ ಬಿದ್ದ ಕಲ್ಲುಗಳ ಸದ್ದು ಮೇಲಕ್ಕೆ ಬರಲೇ ಇಲ್ಲ.

ಲಿಖಿತ ಕಟ್ಟೆಯಿಂದ ಹಾರಿ ತಾಯಿಯತ್ತ ಓಡಿದಳು. ಸ್ವಲ್ಪ ಮುಂಚೆ ಕುಸಿದಿದ್ದರೆ ಇಡೀ ಕಾರ್ಖಾನೆಯ ಹೆಂಗಸರು ಒಳಗಿರುತ್ತಿದ್ದರು. ಬೆಂಕಿಯಿಂದ ಉಳಿಸಲು ಹೊರಟವಳು ಹೆತ್ತ ತಾಯಿಯನ್ನೇ ತಂದು ಅಲ್ಲಿ ನಿಲ್ಲಿಸಿದ್ದಳು.

ಆಮೇಲೆ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. “ನಂಗೆ ಈ ಕೆಲ್ಸ ಬ್ಯಾಡಮ್ಮ,” ಎಂದು ತಾಯಿಯ ತೊಡೆಯ ಮೇಲೆ ಬಿದ್ದು ಅತ್ತಳು. ವೆಂಕಟರತ್ನಮ್ಮನ ಕಾಲಿನ ತರಚುಗಾಯ ಇನ್ನೂ ಮಾದಿರಲಿಲ್ಲ.

“ನಕ್ಷೆ ಬರಿ ಕಣೇ,” ಎಂದಳು ತಾಯಿ. “ನೀ ಎಲ್ಲಿ ನಿಲ್ಲು ಅಂದ್ರೆ ನಾನಲ್ಲೇ ನಿಲ್ತೀನಿ. ಅದ್ಕೆ ಮುಂಚೆ ನೀನೋಗಿ ನಿಂತು ನೋಡು.”