ನಾಲಿಗೆಯಡಿಯ ಹತ್ತು ನಿಮಿಷ

ನಮ್ಮ ಗೋದಾಮಿನ ಸೇಫ್ಟಿ ಮೇಸ್ತ್ರಿಯ ಬಾಯಿಗೆ ಬೀಗ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಹೆಲ್ಮೆಟ್ ಹಾಕದವರಿಗೆ ಬೈಯುತ್ತಾನೆ, ಹಾಕಿದವರಿಗೆ ಪಟ್ಟಿ ಬಿಗಿಯಿಲ್ಲವೆಂದು ಬೈಯುತ್ತಾನೆ, ಯಾರೂ ಸಿಗದಿದ್ದರೆ ಓರೆಯಾಗಿ ನಿಂತ ಏಣಿಗೇ ಬುದ್ಧಿ ಹೇಳುತ್ತಾನೆ. "ಜೀವ ಹೋದ್ಮೇಲೆ ರಜೆ ಚೀಟಿ ಯಾರಪ್ಪ ಬರೀತಾರೆ?" ಸರಕು ಎತ್ತುವ ಫೋರ್ಕ್‌ಲಿಫ್ಟನ್ನಂತೂ ತಾನೇ ಓಡಿಸುತ್ತಾನೆ, ಬದಲಿ ಡ್ರೈವರಾದ ನನಗೂ ಮುಟ್ಟಗೊಡುವುದಿಲ್ಲ, ಅದರ ಕೀ ಸ್ನಾನಕ್ಕೂ ಕೊರಳಿಂದ ಇಳಿಯುವುದಿಲ್ಲವೆಂದು ಅವನ ಹೆಂಡತಿಯ ದೂರು. ಆ ಬಾಯಿ ಮುಚ್ಚಿಸುವುದು ಒಂದು ಮಾತ್ರೆ ಮಾತ್ರ. ಹಳೆಯ ಅಫೀಮಿನ ಚಟ ಬಿಡಿಸಲು ಡಾಕ್ಟರು ಕೊಟ್ಟದ್ದು. ಬೆಳಿಗ್ಗೆ ಎಂಟಕ್ಕೆ ನಾಲಿಗೆಯಡಿ ಇಟ್ಟರೆ ಕರಗುವ ತನಕ, ಹತ್ತು ನಿಮಿಷ, ಮಾತಾಡುವಂತಿಲ್ಲ. ಅವನೇನೂ ಮುಚ್ಚಿಟ್ಟಿಲ್ಲ, ನಾವೂ ಸುಮ್ಮನೆ ಬಿಟ್ಟಿಲ್ಲ. ಆ ಹತ್ತು ನಿಮಿಷ ಬರಿದಲೆಯಲ್ಲಿ ಅವನೆದುರೇ ಮೆರವಣಿಗೆ ಹೋಗುತ್ತೇವೆ, ಅವನು ಕಣ್ಣು ಕೆಂಪಗೆ ಮಾಡಿಕೊಂಡು ಹೆಸರು ಬರೆದುಕೊಳ್ಳುತ್ತಾನೆ, ಆಮೇಲೆ ಒಬ್ಬೊಬ್ಬರದೇ ಜನ್ಮ ಜಾಲಾಡುತ್ತಾನೆ. ಮೊನ್ನೆ ಸೋಮವಾರವೂ ಹಾಗೇ ಸಾಲಾಗಿ ಹೊರಟೆವು. ಅವನು ಬಾಯಿ ಮುಚ್ಚಿಕೊಂಡೇ ಕೊರಳಿನ ಕೀ ಬಿಚ್ಚಿ, ಒಂದು ಚೀಟಿಯ ಜೊತೆ ನನ್ನ ಅಂಗೈಯಲ್ಲಿಟ್ಟ: "ಡಾಕ್ಟರು ಮಾತ್ರೆ ಹೆಚ್ಚಿಸಿದಾರೆ. ಮಂಪರು ಬರಲ್ಲ ಅಂತ ಅವರು ಹೇಳೋವರೆಗೂ, ನಾನೇ ಕೇಳಿದ್ರೂ ಕೊಡಬೇಡ." ನಾವು ಒಬ್ಬೊಬ್ಬರಾಗಿ ಹೆಲ್ಮೆಟ್ ಹಾಕಿಕೊಂಡೆವು. ನಾನು ಕೀಯನ್ನು ಕೊರಳಿಗೆ ಹಾಕಿಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ಅವನು, "ಪಟ್ಟಿ ಬಿಗಿ ಮಾಡ್ಕೊಳ್ರೋ," ಎಂದ.