ನನ್ನ ಹೆಸರಿನಲ್ಲಿ ಕೊಟ್ಟ ರಕ್ತ

ಜಮಖಂಡಿಯ ಶಿಬಿರದಲ್ಲಿ ನನ್ನ ಹೆಸರಿನಲ್ಲಿ ಕೊಟ್ಟ ರಕ್ತ ನನ್ನದಲ್ಲ. ಅದು ನನ್ನ ಗೆಳೆಯ ಮಲ್ಲೇಶಿಯದು. ನಾನೇ ಅವನನ್ನು ಕರೆದುಕೊಂಡು ಹೋದೆ, ನಾನೇ ಗಂಡಸರ ಸಾಲಿನಲ್ಲಿ ನಿಲ್ಲಿಸಿದೆ, ಅವನು ನನ್ನ ಹೆಸರು ಹೇಳಿ ತೋಳು ಚಾಚುವವರೆಗೆ ಬಾಗಿಲ ಹೊರಗೆ ನಿಂತು ನೋಡಿದೆ. ಆಮೇಲೆ ಅವನ ಮೊಣಕೈಯ ಮೇಲಿನ ಹತ್ತಿಯನ್ನು ಕಿತ್ತು ನನ್ನ ಮೊಣಕೈಗೆ ಅಂಟಿಸಿಕೊಂಡು ಹೆಂಡತಿಯ ಮುಂದೆ ಹೋಗಿ ನಿಂತೆ. ಅವಳು ಅದನ್ನು ನೋಡಿ, "ಭಾಳ ನೋವಾತೇನ್ ಮಾಮಾ?" ಎಂದು ಕೇಳಿದಳು. ಇಲ್ಲ ಅಂದೆ.

ಇದನ್ನು ಓದುತ್ತಿರುವ ನೀವು — ಮುಧೋಳ, ಬೀಳಗಿ, ಸಾವಳಗಿ, ಹುನ್ನೂರಿನ ತಂದೆತಾಯಂದಿರು, ನಮ್ಮ ಮಕ್ಕಳ ಕಾಯಿಲೆಯ ಬೆನ್ನು ಹತ್ತಿರುವ ವಿಜ್ಞಾನಿಗಳು — ದಯವಿಟ್ಟು ನನ್ನನ್ನು ಬಯ್ಯಿರಿ. "ಹೋಗಲಿ ಬಿಡ್ರಿ, ಆಗಿದ್ದು ಆಗಿಹೋತು" ಎಂದು ಸಮಾಧಾನ ಹೇಳಲು ಮಾತ್ರ ಬರಬೇಡಿ. ಆಗಿದ್ದು ಆಗಿಹೋಗಲಿಲ್ಲ. ಅದು ಇನ್ನೂ ಆಗುತ್ತಲೇ ಇದೆ, ಅದನ್ನೇ ಹೇಳಲು ಕೂತಿದ್ದೇನೆ.

ನಾನು ಬನಹಟ್ಟಿಯ ನೇಕಾರ. ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು. ಹೆಂಡತಿ ರೇಣುಕಾ, ಹೆಂಡತಿಯಾಗುವ ಮೊದಲು ನನ್ನ ಒಡಹುಟ್ಟಿದ ಅಕ್ಕನ ಮಗಳು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ ನನ್ನ ಅವ್ವ, "ಇಕಿ ನಮ್ಮ ಮನಿಗೇ" ಎಂದು ಹೇಳಿಬಿಟ್ಟಿದ್ದಳಂತೆ. ಮದುವೆಯಾದ ಮೇಲೂ ಅವಳು ನನ್ನನ್ನು ಮಾಮಾ ಅಂತಲೇ ಕರೆದಳು, ನನ್ನ ಅವ್ವನನ್ನು ಆಯಿ ಅಂತಲೇ. ಅತ್ತೆಯಾಗುವ ಮೊದಲು ಅವ್ವ ಅವಳಿಗೆ ಅಜ್ಜಿಯಲ್ಲವೇ!

ನಮ್ಮ ಮಗಳು ಅಕ್ಷತಾ ಒಂದೂವರೆ ವರ್ಷದವರೆಗೆ ಎಲ್ಲ ಮಕ್ಕಳ ಹಾಗೆಯೇ ಇದ್ದಳು. ಮಗ್ಗದ ಸದ್ದಿಗೆ ಕುಣಿಯುತ್ತಿದ್ದಳು, ಕರೆಂಟು ಹೋಗಿ ಸದ್ದು ನಿಂತರೆ ಅಳುತ್ತಿದ್ದಳು. ಆಮೇಲೆ ಕಲಿತಿದ್ದ ಮಾತುಗಳು ಒಂದೊಂದಾಗಿ ಹೋದವು. ನಡೆಯುತ್ತಿದ್ದವಳು ಕೂರತೊಡಗಿದಳು, ಕೂರುತ್ತಿದ್ದವಳು ಮಲಗಿದಳು. ಫಿಟ್ಸ್ ಶುರುವಾಯಿತು. ಒಬ್ಬ ಡಾಕ್ಟರರು ಹೆರಿಗೆಯಲ್ಲಿ ಉಸಿರು ಕಟ್ಟಿದ್ದರಿಂದ ಅಂದರು, ಇನ್ನೊಬ್ಬರು ಜ್ವರ ತಲೆಗೇರಿದ್ದರಿಂದ ಅಂದರು. ಮತ್ತೊಬ್ಬರು ಮಗುವಿನ ಕಡೆ ಸರಿಯಾಗಿ ನೋಡದೆ, "ಇನ್ನೊಂದು ಹಡೀರಿ" ಅಂದರು, ಹರಿದ ಚಪ್ಪಲಿ ತಂದವರಿಗೆ ಹೊಸದು ಕೊಳ್ಳಿ ಎನ್ನುವ ಹಾಗೆ. ಆ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ರೇಣುಕಾ ಮಾತ್ರ ಸುಮ್ಮನೆ ಕೂರಲಿಲ್ಲ. ಹೀಗೆ ಮೆದುಳಿನ ಕಾಯಿಲೆ ಇರುವ ಮಕ್ಕಳ ಬಗ್ಗೆ ಬೆಂಗಳೂರಿನಲ್ಲಿ ಒಬ್ಬ ವಿಜ್ಞಾನಿ ಸಂಶೋಧನೆ ಮಾಡುತ್ತಾರೆ ಎಂದು ಎಲ್ಲಿಂದಲೋ ತಿಳಿದು, ಫೋನು ಹಚ್ಚಿಯೇಬಿಟ್ಟಳು. ಅವರ ಹೆಸರು ವಸುಧಾ. ಅವರು ಸುಳ್ಳು ಆಸೆ ಹುಟ್ಟಿಸಲಿಲ್ಲ. ಔಷಧ ನನ್ನ ಹತ್ತಿರ ಇಲ್ಲ, ಕಾಯಿಲೆಯ ಹೆಸರು ಹುಡುಕಬಲ್ಲೆ, ಹೆಸರು ಗೊತ್ತಾದರೆ ಮುಂದಿನ ಮಗುವನ್ನು ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಬಹುದು, ಔಷಧ ಹುಡುಕುವವರಿಗೂ ದಾರಿಯಾಗುತ್ತದೆ ಅಂದರು. ಆದರೆ ಒಂದು ಮನೆ ಸಾಲದು, ಇಂಥ ಮಕ್ಕಳಿರುವ ಹತ್ತಾರು ಮನೆಗಳು ಬೇಕು. ಪ್ರತಿ ಮನೆಯಿಂದ ಮೂವರ ರಕ್ತ ಬೇಕು — ಮಗುವಿನದು, ತಾಯಿಯದು, ತಂದೆಯದು.

ರೇಣುಕಾ ಮಗಳನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತಿದಳು. ನಮ್ಮ ಊರುಗಳಲ್ಲಿ ಇಂಥ ಮಕ್ಕಳನ್ನು ಎಲ್ಲಿ ಇಡುತ್ತಾರೆ ಎಂದು ನಿಮಗೆ ಗೊತ್ತು. ಒಳಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ, ಬೀಗರು ಬಂದಾಗ ಬಾಗಿಲು ಹಾಕಿ. ರೇಣುಕಾ ಯಾರ ಮನೆಗೆ ಹೋದರೂ ಮೊದಲು ತನ್ನ ಮಗಳನ್ನೇ ನಡುಮನೆಯಲ್ಲಿ ಮಲಗಿಸುತ್ತಿದ್ದಳು. "ನಂದೂ ಹಿಂಗ ಐತಿ ಯವ್ವಾ. ನಿಂದೂ ಹೊರಗ ಕರಕೊಂಡ ಬಾ" ಅನ್ನುತ್ತಿದ್ದಳು. ಬಾಗಿಲುಗಳು ತೆರೆದವು. ಹಿಪ್ಪರಗಿಯ ಗೌರವ್ವ ತನ್ನ ಮಗಳನ್ನು ಮೊದಲ ಸಲ ಹಗಲು ಹೊತ್ತಿನಲ್ಲಿ ಅಂಗಳಕ್ಕೆ ತಂದದ್ದು ರೇಣುಕಾಳ ಮಾತಿಗೆ. ವಸುಧಾ ಮೇಡಂ ಜಮಖಂಡಿಯಲ್ಲಿ ನಡೆಸಿದ ಶಿಬಿರಕ್ಕೆ ಬಂದು ರಕ್ತ ಕೊಡಲು ಎಷ್ಟೋ ಮನೆಯ ಗಂಡಸರು ಒಪ್ಪಿದ್ದು, "ನಮ್ಮ ಮಾಮಾನೂ ಕೊಡ್ತಾರು" ಎಂಬ ಅವಳ ಒಂದು ಮಾತಿಗೆ.

ಆ ಮಾಮಾ ಏನು ಮಾಡಿದ ಎಂಬುದನ್ನು ಮೇಲೆ ಬರೆದಿದ್ದೇನೆ. ಯಾಕೆ ಮಾಡಿದ? ಚಹಾದಂಗಡಿಯಲ್ಲಿ ಯಾರೋ, "ದೋಷ ಯಾರ ಕಡಿಂದ ಬಂದೈತಿ ಅಂತ ಈಗ ರಕ್ತದಾಗ ತಿಳೀತೈತಂತ" ಎಂದು ನಕ್ಕಿದ್ದರು. ಮನೆಯಲ್ಲಿ ಅವ್ವ, "ನಿಂದ ದ್ವಾಷ ಅಂತ ಬಂದ್ರ ಓಣ್ಯಾಗ ತಲಿ ಎತ್ತಿ ತಿರಗ್ತೀಯೇನ್ಲೇ? ಬ್ಯಾರೆ ಯಾರನ್ನಾರ ಕಳಸು" ಅಂದಿದ್ದಳು. ಅವ್ವ ಹಾಗೆ ಅಂದದ್ದು ಹೌದು. ಆದರೆ ನಡೆದ ಕಾಲುಗಳು ನನ್ನವು. ಆಕೆ ತೀರಿಹೋಗಿದ್ದಾಳೆಂದು ಎಲ್ಲವನ್ನೂ ಆಕೆಯ ತಲೆಗೆ ಕಟ್ಟುವಷ್ಟು ನೀಚತನಕ್ಕೆ ಇನ್ನು ಇಳಿಯಲಾರೆ.

ಆದರೂ ಆ ದಡ್ಡತನ ನೋಡಿ! ಯಾರ ಕಡೆಯ ದೋಷ ಎಂದರೆ ಏನು ಅರ್ಥ? ನಾನು ಅವ್ವನ ಮಗ. ರೇಣುಕಾ ಅವ್ವನ ಮಗಳ ಮಗಳು. ಎರಡು ಕಡೆ ಎಲ್ಲಿದ್ದವು ನಮ್ಮಲ್ಲಿ? ಇದ್ದದ್ದು ಒಂದೇ ಮನೆ, ಒಂದೇ ಒಲೆ. ಆ ಮನೆಯೊಳಗೇ ಒಂದು ಗೆರೆ ಎಳೆದು, ಗೆರೆಯ ಆಚೆ ಹೆಣ್ಣನ್ನು ನಿಲ್ಲಿಸಿ, ದೋಷ ಅವಳದೇ ಎಂದು ಖಾತ್ರಿ ಮಾಡಿಕೊಳ್ಳಲು ನಾನು ಮಲ್ಲೇಶಿಯ ರಕ್ತ ಕೊಡಿಸಿದೆ. ಗಂಡಸು ಚೊಕ್ಕ ಎಂದು ಒಂದು ಮಾತು ಬೇಕಿತ್ತು ನನಗೆ. ಮಗಳು ದಿನದಿನಕ್ಕೆ ಸಾಯುತ್ತಿದ್ದಾಗ ನನಗೆ ಬೇಕಾದದ್ದು ಅದು! ಥೂ.

ಕೆಲವು ತಿಂಗಳ ಮೇಲೆ ವಸುಧಾ ಮೇಡಂ ತಾವೇ ಬನಹಟ್ಟಿಗೆ ಬಂದರು. ರೇಣುಕಾಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿ ಹೋದರು. ಅವರು ಹೋದ ಮೇಲೆ ಅವಳು ಶೆಡ್ಡಿಗೆ ಬಂದಳು. ಮುಖ ನೋಡಿ ಮಗ್ಗ ನಿಲ್ಲಿಸಿದೆ.

"ಮಾಮಾ, ತಂದಿದು ಅಂತ ಬಂದ ರಕ್ತಕ್ಕೂ ಕೂಸಿಗೂ ಕೂಡೂದಿಲ್ಲಂತ. ರಕ್ತಾ ಅದಲಬದಲ ಆಗೇತೋ, ಇಲ್ಲಾ ಕೂಸಿನ ತಂದಿ ಬ್ಯಾರೆ ಅದಾರೋ ಅಂತ ಕೇಳಿದ್ರು ನನಗ. ನನಗ!" ಅವಳು ನನ್ನ ತೋಳು ಹಿಡಿದು ಎಳೆದಳು. "ನಡೀರಿ, ಇನ್ನೊಮ್ಮೆ ರಕ್ತಾ ಕೊಡ್ರಿ. ಅವರ ಮಾರಿ ಮ್ಯಾಲ ಒಗದಂಗ ಆಗ್ಲಿ."

ಸಕ್ಕರೆ ಕಾಯಿಲೆ ನೋಡಿದ ಹಾಗೆ ರಕ್ತದಲ್ಲಿ ದೋಷ ಇದೆಯೋ ಇಲ್ಲವೋ ನೋಡುತ್ತಾರೆ, ಅಷ್ಟೇ ಅಂದುಕೊಂಡಿದ್ದೆ ನಾನು. ಯಾರ ಮಗು ಎಂಬುದನ್ನೂ ಅದು ಹೇಳುತ್ತದೆ ಎಂದು ಆ ಗಳಿಗೆಯವರೆಗೆ ತಿಳಿದಿರಲಿಲ್ಲ. ಆ ಗಳಿಗೆಯಿಂದಾಚೆಗೆ ತಿಳಿದಿತ್ತು. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ — ಬೈಗುಳ ತಿಂದು, ಜಮಖಂಡಿಗೆ ಹೋಗಿ, ಐದು ನಿಮಿಷ ಸೂಜಿ ಚುಚ್ಚಿಸಿಕೊಂಡು ಬಂದಿದ್ದರೆ — ಎಲ್ಲ ಸರಿಹೋಗುತ್ತಿತ್ತು.

ನಾನು ಹೇಳಿದ್ದು ಇದು: "ನನಗ ನಿನ್ನ ಮ್ಯಾಲ ನಂಬಿಕಿ ಐತಿ. ಮತ್ಯಾಕ ರಕ್ತಾ ಕೊಡ್ಲಿ? ಕೊಟ್ರ ಸಂಶೆ ಪಟ್ಟಂಗ ಆಗೂದಿಲ್ಲೇನು?"

ರೇಣುಕಾ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ದೊಡ್ಡವನಾಗಿಬಿಟ್ಟೆ. ಇಡೀ ಓಣಿಯಲ್ಲಿ ಹೆಂಗಸರು, ಗಂಡ ಅಂದರೆ ರೇಣುಕಾಳ ಗಂಡನ ಹಾಗೆ ಇರಬೇಕು ಎಂದು ಮಾತಾಡಿಕೊಂಡರು. ಅದನ್ನು ಅಲ್ಲಗಳೆಯಲಿಲ್ಲ ನಾನು. ಕೇಳಿ ಒಳಗೊಳಗೇ ಹಿಗ್ಗಿದ್ದೂ ಉಂಟು — ಇದನ್ನೂ ಬರೆದೇಬಿಡುತ್ತೇನೆ.

ಅವಳ ಸಿಟ್ಟೆಲ್ಲ ಮೇಡಂ ಮೇಲೆ ತಿರುಗಿತು. ಹಳ್ಳಿ ಜನರ ರಕ್ತವನ್ನು ಹೇಗೆ ಬೇಕಾದರೂ ಕಲಸಿಬಿಡುತ್ತಾರೆ, ಆಮೇಲೆ ನಮ್ಮ ಮರ್ಯಾದೆ ತೆಗೆಯುತ್ತಾರೆ ಎಂದು ತನ್ನ, ಮಗಳ ರಕ್ತವನ್ನು ಸಂಶೋಧನೆಯಿಂದ ತೆಗೆಸಿದಳು. ತಾನು ಬಾಗಿಲು ತೆರೆಸಿದ ಮನೆಗಳಿಗೆಲ್ಲ ಮತ್ತೆ ಹೋಗಿ, ನೀವೂ ವಾಪಸ್ ತಗೊಳ್ಳಿ ಎಂದಳು. ಒಂದೊಂದೇ ಮನೆ ಬಿಟ್ಟಿತು. ನಾನು ರೊಟ್ಟಿ ತಿನ್ನುತ್ತ ಎದುರಿಗೆ ಕೂತು, "ಹೌದು, ನಮ್ಮನ್ನ ಏನಂತ ತಿಳದಾರ ಅವರು" ಎಂದು ಬೆಂಕಿಗೆ ತುಪ್ಪ ಸುರಿದೆ. ಆ ಸಿಟ್ಟು ನನಗೆ ಬರಬೇಕಾದದ್ದು. ನನಗಾಗಿಯೇ ಹುಟ್ಟಿದ ಸಿಟ್ಟನ್ನು ಒಬ್ಬ ಒಳ್ಳೆಯ ಹೆಂಗಸಿನ ಮೇಲೆ ಹರಿಯಬಿಟ್ಟೆ.

ಅಕ್ಷತಾ ಏಳನೆಯ ವರ್ಷದಲ್ಲಿ ತೀರಿಕೊಂಡಳು. ಅವಳಿಗೆ ಏನಾಗಿತ್ತು ಎಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಏನೆಂದು ಗೊತ್ತಿಲ್ಲದೆ ಇನ್ನೊಂದು ಮಗು ಬೇಡ ಎಂದಳು ರೇಣುಕಾ. ಅದಕ್ಕೂ ನಾನು, ನಿನ್ನಿಷ್ಟ, ಎಂದು ದೊಡ್ಡ ಮನಸ್ಸಿನವನಂತೆ ತಲೆಯಾಡಿಸಿದೆ. ಹಿಪ್ಪರಗಿಯ ಗೌರವ್ವನಿಗೆ ಇನ್ನೊಂದು ಮಗು ಹುಟ್ಟಿತು, ಗಂಡು. ಅವನೂ ಅಕ್ಕನ ಹಾಗೆಯೇ ಆದ.

ಈ ವರ್ಷ ಮುಧೋಳದಲ್ಲಿ ಕೆಲವು ಹೊಸ ತಂದೆತಾಯಿಗಳು ಸೇರಿ ಮತ್ತೆ ವಸುಧಾ ಮೇಡಂ ಅವರನ್ನು ಕರೆಸಿದರು. ಮೇಡಂ ತಲೆಗೂದಲು ಬೆಳ್ಳಗಾಗಿತ್ತು. ರೇಣುಕಾ ಸಭೆಯ ನಡುವೆ ಎದ್ದು ನಿಂತಳು. "ನಮ್ಮ ಮಾಮಾ ಒಂದ ಮಾತ ನನ್ನ ಮ್ಯಾಲ ಸಂಶೆ ಪಡಲಿಲ್ಲ. ಮೊದಲ ಅವರಿಗೆ ತಪ್ಪಾತು ಅನ್ರಿ ಮೇಡಂ, ಆಮ್ಯಾಲ ಮುಂದಿನ ಮಾತು" ಎಂದಳು. ಮೇಡಂ ವಾದ ಮಾಡಲಿಲ್ಲ. ನನ್ನ ಹತ್ತಿರ ನಡೆದು ಬಂದರು. "ನಮ್ಮ ಕಡೆಯಿಂದಲೇ ಏನೋ ತಪ್ಪಾಗಿರಬೇಕು, ಕ್ಷಮಿಸಿ" ಎಂದು ಎಲ್ಲರೆದುರು ನನಗೆ ಕೈ ಮುಗಿದರು. ಜೀವನವಿಡೀ ನಮ್ಮಂಥವರ ಮಕ್ಕಳಿಗಾಗಿ ಸವೆದ ಹೆಂಗಸು. ನಾನು — ನಾನೂ ಕೈ ಮುಗಿದು ಆ ಕ್ಷಮೆಯನ್ನು ತೆಗೆದುಕೊಂಡೆ. ಅಲ್ಲಿಯೂ ನನ್ನ ಬಾಯಿ ತೆರೆಯಲಿಲ್ಲ.

ವಾಪಸ್ ಬರುವಾಗ ಬೈಕು ನಡೆಸಲಾಗಲಿಲ್ಲ. ಕಬ್ಬಿನ ಟ್ರಾಕ್ಟರುಗಳು ಹಾಯುವ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಎಲ್ಲ ಹೇಳಿದೆ. ರೇಣುಕಾ ಕೂಗಾಡಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. "ನನಗ ಹೇಳಿ ಹಗುರ ಆಗಬ್ಯಾಡ್ರಿ. ಗೌರವ್ವಾಗ ಹೋಗಿ ಹೇಳ್ರಿ. ನಾ ಆಕಿ ಕೈ ಹಿಡದು ಬ್ಯಾಡ ಅಂದಿದ್ದೆ" ಎಂದಳು. ಅವತ್ತಿನಿಂದ ಅವಳು ನನ್ನನ್ನು ಏನೆಂದೂ ಕರೆಯುತ್ತಿಲ್ಲ.

ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. ಈಗಲಾದರೂ ನನ್ನ ರಕ್ತ ತಗೊಳ್ಳಿ ಎಂದು ಅಂಗಲಾಚಿದೆ. "ನಿಮ್ಮದು ತಗೊಂಡು ಏನು ಮಾಡಲಿ? ನೀವು ಒಪ್ಪಿಗೆ ವಾಪಸ್ ಪಡೆದ ಮೇಲೆ ನಿಯಮದಂತೆ ಮಗುವಿನದನ್ನು ನಾಶ ಮಾಡಿದ್ದೇವೆ" ಎಂದರು. ಮಗಳು ಮಣ್ಣಾಗಿ ವರ್ಷಗಳಾಗಿವೆ. ಅವಳ ಒಂದು ಹನಿ ರಕ್ತವನ್ನೂ ನಾನು ಉಳಿಸಲಿಲ್ಲ.

ಮರುದಿನ ಹಿಪ್ಪರಗಿಗೆ ಹೋದೆ. ಗೌರವ್ವ ಕಟ್ಟೆಯ ಮೇಲೆ ಕೂತು ಹುಡುಗನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಚಮಚ ಕೆಳಗಿಟ್ಟಳು.

"ಆವಾಗ ನಾ ರಕ್ತಾ ತಗಸದಿದ್ರ, ಇಂವ ಹೊಟ್ಟ್ಯಾಗ ಇದ್ದಾಗ ತಿಳೀತಿತ್ತೇನ್ರಿ?"

ಹೇಳಲಿಕ್ಕೆ ಬರುವುದಿಲ್ಲ, ಹೆಸರು ಸಿಗಬಹುದಿತ್ತು, ಸಿಗದಿರಬಹುದಿತ್ತು — ಮೇಡಂ ಇದ್ದಿದ್ದರೆ ಹಾಗೆ ಹೇಳುತ್ತಿದ್ದರು. ಅವರಿಗೆ ಆ ಮಾತಿನ ಹಕ್ಕು ಇದೆ. ಅದರ ಹಿಂದೆ ಅಡಗುವ ಹಕ್ಕು ನನಗಿಲ್ಲ.

"ತಿಳೀತಿತ್ತವ್ವಾ" ಅಂದೆ.

"ಇಂವ ಬ್ಯಾಡಾಗಿದ್ದ ಅಂತ ನಾ ಎಂದೂ ಅನ್ನಾಂಗಿಲ್ಲ" ಅಂದಳು ಗೌರವ್ವ. "ಆದ್ರ ಅದನ್ನ ನಾ ಆರಿಸಬೇಕಾಗಿತ್ತು. ನೀವು ಆರಿಸಿದ್ರಿ."

ಎದ್ದು ಬಂದು, ಹುಡುಗನನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು. "ಹಿಡಕೋರಿ. ತಲಿಗೆ ಕೈ ಕೊಡ್ರಿ, ನಿಲ್ಲೂದಿಲ್ಲ ಅವಂದು" ಎಂದು ಹೇಳಿ, ಮಗಳ ಬಟ್ಟೆ ಬದಲಾಯಿಸಲು ಒಳಗೆ ಹೋದಳು.