ನಾಲ್ಕು ತೂತು, ಮೂರು ಚಿಂದಿ

ನಾನು ಹುಟ್ಟು ಪುಕ್ಕಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ನೋಡುವ ಪೈಕಿ. ಅಂಥವನು ಕಂಬಳಿ ನೇಯುವ ಮನೆಯಲ್ಲಿ ಹುಟ್ಟಿ ಮೋಟಾರು ರಿಪೇರಿಗೆ ಹೇಗೆ ಬಿದ್ದೆ ಎಂದು ಕೇಳಬೇಡಿ. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಂದು ಮೋಟಾರು ಬಸ್ಸು ಹೋಗಿಬರುತ್ತಿತ್ತು. ಅದನ್ನು ಓಡಿಸುತ್ತಿದ್ದ ಸಾಹೇಬರೇ ನನಗೆ ಕೆಲಸ ಕಲಿಸಿದವರು. ಇಂಜಿನ್ನಿನ ಯೋಗಕ್ಷೇಮ ನನ್ನದು.

ಒಂದು ಬೆಳಿಗ್ಗೆ ಮೊಳಕಾಲ್ಮೂರಿನಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಹನ್ನೆರಡು ದಿನದಿಂದ ಜ್ವರ ಇಳಿದಿಲ್ಲ, ಅವ್ವನನ್ನು ಕರೆಸಿ ಎಂದು ಕನವರಿಸುತ್ತಿದ್ದಾಳೆ. ಅವ್ವ ಅಲ್ಲಿಯವರೆಗೆ ಮೋಟಾರು ಹತ್ತಿದವಳಲ್ಲ. ಆ ಮಾತು ಕೇಳಿದ್ದೇ ತಡ, ಕಂಬಳಿ ಹೊದ್ದು ನನ್ನ ಹಿಂದೆಯೇ ಹೊರಟಳು.

ಹೊರಡುವ ಸ್ಥಿತಿಯಲ್ಲಿ ಬಸ್ಸು ಇರಲಿಲ್ಲ. ಹಿಂದಿನ ದಿನವೇ ಉಬ್ಬಸದವರ ಹಾಗೆ ಏದುಸಿರು ಬಿಡುತ್ತಿತ್ತು.

"ಮ್ಯಾನಿಫೋಲ್ಡು ಕಟ್ಟೈತೆ. ಹಿಂಗೇ ಹೋದ್ರೆ ತಳಕು ಊರು ದಾಟಿದ ಮೇಲೆ ಏರು ಹತ್ತಲ್ಲ. ಬಿಚ್ಚೋ ಲೇ," ಅಂದರು ಸಾಹೇಬರು.

ಗಾಳಿಯನ್ನೂ ಪೆಟ್ರೋಲನ್ನೂ ಇಂಜಿನ್ನಿನೊಳಕ್ಕೆ ಒಯ್ಯುವ ಎರಕದ ಕೊಳವೆ ಅದು. ರಸ್ತೆಯ ಧೂಳು, ಎಣ್ಣೆಯ ಜಿಡ್ಡು, ಮಸಿ ಎಲ್ಲ ಸೇರಿ ಒಳಗೆ ಬಾಣಲೆಯ ತಳದ ಕರಕಿನಂತೆ ಗಟ್ಟಿಯಾಗಿತ್ತು. ಕೊಳವೆ ಬಿಚ್ಚಿದರೆ ಇಂಜಿನ್ನಿನ ಮೈಯಲ್ಲಿ ನಾಲ್ಕು ತೂತು ಬಾಯಿ ತೆರೆದುಕೊಳ್ಳುತ್ತವೆ. ಮಸಿಯ ಚೂರು ಒಳಗೆ ಬೀಳದಂತೆ ಅವಕ್ಕೆ ಚಿಂದಿ ತುರುಕಬೇಕು. ನಾನು ಮನೆಯಿಂದ ಕೈಗೆ ಸಿಕ್ಕ ಹಳೆ ಕಂಬಳಿ ತುಂಡುಗಳನ್ನೇ ಹರಿದು ತಂದಿದ್ದೆ. ಪ್ರತಿ ಚಿಂದಿಗೂ ದಾರ ಕಟ್ಟಿ ತುದಿ ಹೊರಗೆ ಬಿಡಬೇಕೆಂಬುದು ಸಾಹೇಬರ ಕಟ್ಟಪ್ಪಣೆ. ಆತುರಗಾರನಿಗೆ ಬುದ್ಧಿ ಮಟ್ಟ. ದಾರ ಕಟ್ಟದೆ ತುರುಕಿದೆ.

ಕೊಳವೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರ ಚಕ್ಕೆಯಿಂದ ಕೆರೆದೆ. ಕರಕು ಹಪ್ಪಳ ಹಪ್ಪಳವಾಗಿ ಎದ್ದುಬಂತು. ಅವ್ವ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು "ಆತೇನೋ? ಆತೇನೋ?" ಎನ್ನುತ್ತಿದ್ದಳು. ನಾನು ಇಂಜಿನ್ನಿನ ಚಿಂದಿಗಳನ್ನು ಕಿತ್ತು ಡಬ್ಬಿಗೆ ಎಸೆದು, ಕೊಳವೆ ತೊಳೆದು ತರಲು ಬಾವಿಕಟ್ಟೆಗೆ ಓಡಿದೆ. ಬಂದವನೇ ಅದನ್ನು ಕೂರಿಸಿ ನಟ್ಟು ಬಿಗಿದೆ. ಸಾಹೇಬರು ಪೋಂ ಪೋಂ ಎಂದು ಹಾರನ್ ಒತ್ತುತ್ತಲೇ ಇದ್ದರು.

ಬಸ್ಸು ಊರು ಬಿಟ್ಟ ಮೇಲೆ ಕಾಲ ಬಳಿಯಿದ್ದ ಡಬ್ಬಿ ನೋಡಿದೆ. ಮೂರೇ ಚಿಂದಿ ಇದ್ದವು. ಮತ್ತೆ ಎಣಿಸಿದೆ. ಮೂರೇ.

ನಾಲ್ಕನೆಯದು ಒಳಗೇ ಜಾರಿದ್ದರೆ ಇಂಜಿನ್ನು ಅದನ್ನು ಎಳೆದುಕೊಂಡು ವಾಲ್ವಿಗೆ ಸಿಕ್ಕಿಸಿಕೊಳ್ಳುತ್ತದೆ. ಜನವಿಲ್ಲದ ಹುಲ್ಲುಗಾವಲಿನ ನಡುವೆ ನಿಂತರೆ ಮತ್ತೆ ಹೊರಡುವ ಮಾತಿಲ್ಲ. ಹೇಳೋಣವೆಂದರೆ ಬಿಚ್ಚಿ ಜೋಡಿಸಲು ಗಂಟೆಯ ಮೇಲಾಗುತ್ತದೆ, ಅಷ್ಟರಲ್ಲಿ ಅಕ್ಕನಿಗೆ ಏನಾದರೂ ಆದರೆ? ಹೇಳದಿದ್ದರೆ? ಸುಮ್ಮನೆ ಕೂತೆ. ಇಂಜಿನ್ನಿನ ಒಂದೊಂದು ಸದ್ದಿಗೂ ಬೆವರಿದೆ. ಅವ್ವ ನನ್ನ ಮುಖ ನೋಡಿ, "ಹೆದರ್ಬ್ಯಾಡ ಕಣೋ, ಅಕ್ಕಂಗೇನೂ ಆಗಲ್ಲ," ಅಂದಳು.

ತಳಕು ದಾಟಿದ ಮೇಲೆ ಏರಿನಲ್ಲಿ ಇಂಜಿನ್ನು ಬುಸ್ಸೆಂದು ತಡವರಿಸಿತು. ಇನ್ನು ತಡೆಯಲಾಗಲಿಲ್ಲ.

"ನಿಲ್ಸಿ ಸಾಹೇಬ್ರೆ! ಒಂದು ಚಿಂದಿ ಒಳಗೆ ಐತೆ!"

ಅವರು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಜನರೆಲ್ಲ ಇಳಿದು ಬಿಸಿಲಲ್ಲಿ ನಿಂತರು. ಕಾದ ಕಬ್ಬಿಣಕ್ಕೆ ಬೆರಳು ಸುಟ್ಟುಕೊಂಡು ಕೊಳವೆ ಬಿಚ್ಚಿದೆ. ನಾಲ್ಕೂ ತೂತಿಗೆ ತಂತಿ ಹಾಕಿ ತಡಕಿದೆ. ಏನೂ ಇರಲಿಲ್ಲ. ಒಂದು ನಟ್ಟು ಸಡಿಲವಿತ್ತು, ಬುಸ್ಸೆಂದದ್ದು ಅದರಿಂದ.

"ಏನೋ ಹುಡುಕ್ತೀಯ?" ಅವ್ವ ಹತ್ತಿರ ಬಂದಳು. ಹೇಳಿದೆ. ಅವಳು ಎಲೆ ಅಡಿಕೆ ಚೀಲ ಬಿಚ್ಚಿ, ಜಿಡ್ಡು ಹಿಡಿದ ಒಂದು ಚಿಂದಿ ತೆಗೆದಳು. ಅದಕ್ಕೆ ಕೆಂಪು ಅಂಚಿತ್ತು.

"ನೀನು ಬಾವಿಗೆ ಹೋದಾಗ ತೂತಿನ ಒಳಗಡೆ ಈ ಅಂಚು ಕಾಣ್ತು. ದೇವ್ರ ಗದ್ದಿಗೆಗೆ ಹಾಸ್ತಿದ್ದ ಕಂಬ್ಳಿ ಕಣೋ ಇದು. ಬಿದಿರ ಚಕ್ಕೆ ಹಾಕಿ ಎಳ್ಕಂಡೆ."

ಆ ಕಂಬಳಿ ಎಷ್ಟೇ ಹಳೆಯದಾದರೂ ನಮ್ಮ ಮನೆಯಲ್ಲಿ ಕಾಲಿಗೆ ತಾಗಿಸುವುದಿಲ್ಲ, ಬೆಂಕಿಗೆ ಹಾಕುವುದಿಲ್ಲ. ಗಡಿಬಿಡಿಯಲ್ಲಿ ನಾನು ಅದನ್ನೂ ಹರಿದಿದ್ದೆ. ನನಗೆ ಆಗ ಅದೊಂದೂ ತಲೆಗೆ ಹೋಗಲಿಲ್ಲ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಅಲ್ಲಿ ಮಗಳು ಸಾಯ್ತಾ ಅವ್ಳೆ, ನಿಂಗೆ ಚಿಂದಿ ಹೆಚ್ಚಾತಾ?" ಎಂದು ಅಷ್ಟು ಜನರ ಎದುರು ಕಿರುಚಿದೆ.

"ಮೋಟ್ರು ಮುಟ್ದೆ ಅಂತ ಬೈತೀಯೇನೋ ಅಂತ ಹೇಳ್ಲಿಲ್ಲ ಕಣಪ್ಪ," ಅಂದು ಅವ್ವ ತಲೆ ತಗ್ಗಿಸಿದಳು.

ಸಾಹೇಬರು ಸ್ಪ್ಯಾನರ್ ನನ್ನ ಕೈಗಿಟ್ಟರು. "ಲೇ, ಮೂರು ತೆಗೆದಿದ್ದು ನೀನು. ನಾಲ್ಕನೇದು ಬಿಟ್ಟಿದ್ದೂ ನೀನೇ. ಈಯಮ್ಮ ತೆಗೀದೆ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಇಂಜಿನ್ನು ಖತಂ. ಮುಚ್ಕಂಡು ನಟ್ಟು ಬಿಗಿ."

ಬಿಗಿದೆ. ಉಳಿದ ದಾರಿಯುದ್ದಕ್ಕೂ ಅವ್ವ ಆ ಚಿಂದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಮೊಳಕಾಲ್ಮೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಕ್ಕನಿಗೆ ಉಸಿರಿತ್ತು, ಜ್ವರ ಬಿಡಲು ಇನ್ನೂ ಒಂದು ವಾರ ಹಿಡಿಯಿತು. ಅವ್ವ ಆ ಚಿಂದಿಯನ್ನು ಅವಳ ತಲೆದಿಂಬಿನ ಕೆಳಗಿಟ್ಟು ಹಣೆ ಸವರಿದಳು. ಅಕ್ಕ ಕಣ್ಣು ಬಿಟ್ಟು, "ಇಷ್ಟೊತ್ಯಾಕವ್ವ?" ಅಂದಳು.

"ದಾರೀಲಿ ನಿಮ್ಮಪ್ಪನ ಹಾಗೇ ಹಟ ಮಾಡ್ತು ಮೋಟ್ರು. ನಿನ್ ತಮ್ಮ ರಿಪೇರಿ ಮಾಡಿ ಜ್ವಾಪಾನವಾಗಿ ಕರ್ಕಂಡ್ ಬಂದ," ಅಂದಳು ಅವ್ವ.

ಕೈ ತೊಳೆಯುತ್ತೇನೆಂದು ಹೇಳಿ ನಾನು ಹಿತ್ತಿಲಿಗೆ ಹೋದೆ. ಅಲ್ಲಿ ತುಂಬಾ ಹೊತ್ತು ಅತ್ತೆ.